ಚಾಕು ಹಿಡಿಗೆ ಮೊಸಾಯಿಕ್ ಪಿನ್ ಕೂರಿಸಬೇಕು, ಬಾಲದ ತೂತು ಸಣ್ಣದಿದೆ. ಹೇಗೆ ಮಾಡಲಿ?

ಕುಲುಮೆ_ಪಕ್ಕದ_ಮನೆ:

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯವನು. ನಮ್ಮೂರ ಆಚಾರ್ರ ಹತ್ತಿರ ಜೀಪಿನ ಹಳೆ ಸ್ಪ್ರಿಂಗ್ ಪ್ಲೇಟಿನಿಂದ ಒಂದು ಚಾಕು ಹೊಡೆಸಿದ್ದೇನೆ, ತೋಟಕ್ಕೂ ಅಡುಗೆಮನೆಗೂ ಆಗುವಂಥದ್ದು. ಅಲಗು 6 ಇಂಚು. ಬಾಲ, ಅಂದರೆ ಹಿಡಿಯೊಳಗೆ ಕೂರುವ ಉಕ್ಕಿನ ಭಾಗ, ಹಿಡಿಯಷ್ಟೇ ಅಗಲ ಇದೆ, ದಪ್ಪ 4 ಮಿ.ಮೀ. ಎರಡು ಕಡೆ ಮರದ ಪಟ್ಟಿ ಇಟ್ಟು ಪಿನ್ ಹೊಡೆಯುವ ಜಾತಿ. ಅಲಗು ಎಷ್ಟು ಚೆನ್ನಾಗಿ ಬಂದಿದೆ ಅಂದರೆ ಹಿಡಿಯನ್ನು ಅವಸರದಲ್ಲಿ ಮಾಡಿ ಕೆಡಿಸಲು ಮನಸ್ಸಿಲ್ಲ.

ಮರಕ್ಕೆ ಹಳೆ ಮನೆ ಕೆಡವಿದಾಗ ಉಳಿದ ಬೀಟೆ ತುಂಡು ಇದೆ. ಪಿನ್ ಆನ್‌ಲೈನಲ್ಲಿ ತರಿಸಿದೆ, 6 ಮಿ.ಮೀ. ಮೊಸಾಯಿಕ್ ಪಿನ್, ಹಿತ್ತಾಳೆ ಕೊಳವೆಯೊಳಗೆ ತಾಮ್ರದ್ದೂ ಸ್ಟೀಲಿನದ್ದೂ ಸಣ್ಣ ಸಣ್ಣ ಕಡ್ಡಿ ಜೋಡಿಸಿ ಹೂವಿನ ಹಾಗೆ ಕಾಣುವಂಥದ್ದು. ಈಗ ತೊಂದರೆ ಏನೆಂದರೆ ಆಚಾರ್ರು ಬಾಲದಲ್ಲಿ ಎರಡು ತೂತು ಆಗಲೇ ಹಾಕಿದ್ದಾರೆ, ಹಿಂದೊಂದು ಮುಂದೊಂದು, ಬಿಸಿಯಿದ್ದಾಗಲೇ ಪಂಚ್ ಹೊಡೆದದ್ದು, ಒಂದು ಕಡೆ 5 ಮಿ.ಮೀ. ಇದ್ದರೆ ಇನ್ನೊಂದು ಕಡೆ ಸ್ವಲ್ಪ ಜಾಸ್ತಿ, ಸುತ್ತ ಅಂಚು ಎದ್ದಿದೆ. ಹದ ಕೊಟ್ಟಾಗಿದೆ. ಇದನ್ನು ದೊಡ್ಡದು ಮಾಡಬಹುದಾ? ಮಾಮೂಲಿ ಹಿತ್ತಾಳೆ ಮೊಳೆ ಥರ ಎರಡೂ ಕಡೆ ಬಡಿದು ತಲೆ ಮಾಡಬೇಕಾ, ಅಥವಾ ಬರೀ ಅಂಟು ಸಾಕಾ? ನನ್ನ ಹತ್ತಿರ ಇರುವುದು ಹ್ಯಾಂಡ್ ಡ್ರಿಲ್, ಅದನ್ನು ಸಿಕ್ಕಿಸುವ ಒಂದು ಸ್ಟ್ಯಾಂಡ್, ವೈಸ್, ನಾಲ್ಕು ಸಿ-ಕ್ಲ್ಯಾಂಪ್, ಅರಗಳು. ಬೆಲ್ಟ್ ಗ್ರೈಂಡರ್ ಇಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ, ಮರ ಇನ್ನೂ ಮುಟ್ಟಿಲ್ಲ.

ಲೇತ್_ಮೇಷ್ಟ್ರು:

ಮರ ಮುಟ್ಟುವ ಮೊದಲೇ ಕೇಳಿದ್ದೀರಿ, ಒಳ್ಳೆಯದಾಯಿತು. ಪೀಣ್ಯದ ಟೂಲ್ ರೂಮಿನಲ್ಲಿ ಕೆಲಸ ನನ್ನದು, ಬಿಡುವಿನಲ್ಲಿ ಚಾಕು ಹಿಡಿ ಮಾಡುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಮೊಸಾಯಿಕ್ ಪಿನ್ನಿಗೆ ಸುತ್ತಿಗೆ ತಾಗಿಸಲೇಬೇಡಿ. ಅದು ಗಟ್ಟಿ ಸರಳಲ್ಲ. ಹೊರಗೆ ತೆಳು ಕೊಳವೆ, ಒಳಗೆ ಕಡ್ಡಿಗಳು, ಸಂದಿಯಲ್ಲೆಲ್ಲ ಎಪಾಕ್ಸಿ (ಎರಡು ಭಾಗ ಕಲಸಿ ಹಾಕುವ ಗಟ್ಟಿ ಅಂಟು). ತಲೆ ಬಡಿದರೆ ಕೊಳವೆಯ ಅಂಚು ಸೀಳುತ್ತದೆ, ಒಳಗಿನ ಎಪಾಕ್ಸಿ ಪುಡಿಯಾಗುತ್ತದೆ, ಹೂವು ಹೋಯಿತು. ತೂತು ಬಿಗಿ ಇದೆ ಅಂತ ಬಡಿದು ಇಳಿಸಲೂ ಬಾರದು. ಹೆಬ್ಬೆರಳಲ್ಲಿ ಒತ್ತಿ ತಿರುಗಿಸಿದರೆ ಇಳಿಯಬೇಕು, ಕೈ ಬಿಟ್ಟರೆ ತಾನಾಗಿ ಬೀಳಬಾರದು. ಆ ಅಳತೆ ಸಿಕ್ಕರೆ ಮುಕ್ಕಾಲು ಕೆಲಸ ಮುಗಿದಂತೆ. ಪಟ್ಟಿಯನ್ನು ಉಕ್ಕಿಗೆ ಕಚ್ಚಿ ಹಿಡಿಯುವುದು ಅಂಟು. ಪಟ್ಟಿ ಅತ್ತಿತ್ತ ಜಾರದ ಹಾಗೆ ತಡೆಯುವುದು ಪಿನ್.

ಈಗ ಬಾಲದ ವಿಷಯ. ಊರಿನ ಕುಲುಮೆಯಲ್ಲಿ ಸಾಮಾನ್ಯವಾಗಿ ಅಲಗಿನ ಬಾಯಿಯನ್ನಷ್ಟೇ ಅದ್ದಿ ಹದ ಕೊಡುತ್ತಾರೆ, ಬಾಲ ಮೆತ್ತಗೇ ಇರುತ್ತದೆ. ಒಂದು ಹೊಸ ಅರ ತಗೊಂಡು ಬಾಲದ ಅಂಚಿಗೆ ಉಜ್ಜಿ ನೋಡಿ. ಕಚ್ಚಿ ಪುಡಿ ಬಂದರೆ ಮಾಮೂಲಿ ಹೈಸ್ಪೀಡ್ ಸ್ಟೀಲ್ ಬಿಟ್ಟಿನಲ್ಲೇ ತೂತಾಗುತ್ತದೆ. ಗಾಜಿನ ಮೇಲೆ ಜಾರಿದ ಹಾಗೆ ಜಾರಿದರೆ ಎರಡು ದಾರಿ: ಕಾರ್ಬೈಡ್ ಬಿಟ್, ಇಲ್ಲವೇ ಬಾಲವನ್ನು ಟಾರ್ಚಿನಲ್ಲಿ ಕಾಯಿಸಿ ಮೆತ್ತಗೆ ಮಾಡುವುದು. ಕಾಯಿಸುವಾಗ ಅಲಗಿನ ಭಾಗ ನೀರಿನ ಬಕೆಟ್ಟಿನೊಳಗೆ ಮುಳುಗಿರಲಿ, ಬಾಲ ಮಾತ್ರ ಮೇಲೆ. ಉಕ್ಕು ಮೊದಲು ಹುಲ್ಲಿನ ಬಣ್ಣ, ಆಮೇಲೆ ಕಂದು, ನೇರಳೆ, ನೀಲಿಗೆ ತಿರುಗುತ್ತದೆ. ನೀಲಿ ಅಂದರೆ ಸುಮಾರು 300 ಡಿಗ್ರಿ. ಬಾಲಕ್ಕೆ ನೀಲಿ ದಾಟಿ ಬೂದು ಬಂದರೂ ಪರವಾಗಿಲ್ಲ, ಆದರೆ ಆ ಬಣ್ಣ ಅಲಗಿನ ಬಾಯಿಯ ಕಡೆ ಹರಿಯಬಾರದು, ಹರಿದರೆ ಆಚಾರ್ರು ಕೊಟ್ಟ ಹದ ಅಲ್ಲಿಗೆ ಮುಗಿಯಿತು.

ಪಿನ್ನನ್ನು ವರ್ನಿಯರ್‌ನಲ್ಲಿ ಅಳೆದು ನೋಡಿ. 6 ಅಂತ ಬರೆದು ಕಾಲು ಇಂಚಿನದ್ದು ಕಳಿಸುವವರಿದ್ದಾರೆ, ಅದು 6.35 ಮಿ.ಮೀ. ಅಗ್ಗದ ಬಿಟ್ ಬರೆದದ್ದಕ್ಕಿಂತ ಒಂದಿಷ್ಟು ದೊಡ್ಡ ತೂತು ಕೊರೆಯುತ್ತದೆ. ಹಾಗಾಗಿ ಅದೇ ಬೀಟೆಯ ಚೂರಿನಲ್ಲಿ, ಅದೇ ಬಿಟ್ಟಿನಲ್ಲಿ, ಅದೇ ಸ್ಟ್ಯಾಂಡಿನಲ್ಲಿ ಒಂದು ತೂತು ಹಾಕಿ ಪಿನ್ ಇಳಿಸಿ ನೋಡದೆ ಮುಂದೆ ಹೋಗಬೇಡಿ. ಪಿನ್ ಕೂದಲೆಳೆಯಷ್ಟು ದಪ್ಪ ಇದ್ದರೆ ಡ್ರಿಲ್ಲಿನ ಚಕ್ಕಿಗೆ (ಬಿಟ್ ಹಿಡಿಯುವ ಬಾಯಿಗೆ) ಸಿಕ್ಕಿಸಿ, ತಿರುಗಿಸುತ್ತಾ ಎಮರಿಯಲ್ಲಿ ಹಿಡಿದರೆ ಇಳಿಯುತ್ತದೆ. ಬಿಸಿಯಾಗಲು ಬಿಡಬೇಡಿ, ಒಳಗಿನ ಎಪಾಕ್ಸಿ ಮೆತ್ತಗಾಗುತ್ತದೆ.

ಎಷ್ಟೋ ಜನ ಮರದ ಪಟ್ಟಿಗೆ ಮೊದಲೇ ಗುರುತು ಹಾಕಿ ಬೇರೆ ಬೇರೆ ಕೊರೆಯುತ್ತಾರೆ, ಆಮೇಲೆ ಮೂರೂ ಒಂದಕ್ಕೊಂದು ಕೂಡುವುದಿಲ್ಲ. ಬಾಲವೇ ನಿಮ್ಮ ಅಚ್ಚು. ಬಾಲದ ತೂತನ್ನು ಮೊದಲು ಸರಿಯಾಗಿ 6ಕ್ಕೆ ಮಾಡಿ. ಸುತ್ತ ಎದ್ದ ಅಂಚನ್ನು ಅರದಲ್ಲಿ ಪೂರ್ತಿ ತೆಗೆಯಿರಿ, ಅದು ಉಳಿದರೆ ಪಟ್ಟಿ ಉಕ್ಕಿಗೆ ಕೂರುವುದೇ ಇಲ್ಲ, ಎಷ್ಟು ಕ್ಲ್ಯಾಂಪ್ ಹಾಕಿದರೂ ಕಪ್ಪು ಗೆರೆ ಕಾಣುತ್ತದೆ. ಎಡಗಡೆ ಪಟ್ಟಿಯನ್ನು ಬಾಲಕ್ಕೆ ಕ್ಲ್ಯಾಂಪ್ ಮಾಡಿ, ಉಕ್ಕಿನ ಕಡೆಯಿಂದ, ಉಕ್ಕಿನ ತೂತಿನ ಮೂಲಕವೇ ಬಿಟ್ ಇಳಿಸಿ ಮರ ಕೊರೆಯಿರಿ. ಮರದ ಕೆಳಗೆ ಇನ್ನೊಂದು ಬೇಡದ ಹಲಗೆ ಒತ್ತಿ ಹಿಡಿದಿರಬೇಕು, ಇಲ್ಲದಿದ್ದರೆ ಬಿಟ್ ಆಚೆ ಬರುವಾಗ ಮರ ಕಿತ್ತು ಬರುತ್ತದೆ. ಒಂದು ತೂತು ಆದ ತಕ್ಷಣ ಅದರೊಳಗೆ 6 ಮಿ.ಮೀ. ಸರಳಿನ ತುಂಡೋ ಇನ್ನೊಂದು ಬಿಟ್ಟಿನ ಹಿಂಬದಿಯೋ ತೂರಿಸಿ, ಪಟ್ಟಿ ಅಲುಗದಂತೆ ಮಾಡಿ, ಆಮೇಲೆ ಎರಡನೆಯದು. ಬಲಗಡೆ ಪಟ್ಟಿಗೂ ಹೀಗೇ. ಎಲ್ಲ ಮುಗಿದ ಮೇಲೆ ಬಾಲದ ತೂತನ್ನು ಮಾತ್ರ 6.5ಕ್ಕೆ ಹಿಗ್ಗಿಸಿ. ಪಿನ್ ಸುತ್ತ ಅಂಟಿಗೆ ಜಾಗ ಸಿಗುತ್ತದೆ, ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ ಉಕ್ಕು ಅಡ್ಡ ಬರುವುದಿಲ್ಲ.

ಉಕ್ಕು ಕೊರೆಯುವಾಗ ಚಾಕುವನ್ನು ಕೈಯಲ್ಲಿ ಹಿಡಿಯಬೇಡಿ, ಅಲಗಿಗೆ ದಪ್ಪ ಟೇಪ್ ಸುತ್ತಿ ವೈಸ್‌ನಲ್ಲೇ ಹಿಡಿಯಿರಿ. ಇರುವ ತೂತನ್ನು ದೊಡ್ಡದು ಮಾಡುವಾಗ ಬಿಟ್ ತಟ್ಟನೆ ಕಚ್ಚುತ್ತದೆ, ಕಚ್ಚಿದರೆ ಇಡೀ ಚಾಕು ಗರ್ರನೆ ತಿರುಗುತ್ತದೆ. ಕಡಿಮೆ ವೇಗ, ಎರಡು ಹನಿ ಎಣ್ಣೆ, ನಿಧಾನ.

ಗದ್ದೆ_ಬದು:

ಮೇಷ್ಟ್ರು ಹೇಳಿದ್ದೆಲ್ಲ ಸರಿ, ಆದರೆ ನನ್ನದು ಬೇರೆ ಅಭಿಪ್ರಾಯ. ತೋಟದ ಕೆಲಸಕ್ಕೆ ಚಾಕು ಅಂದಮೇಲೆ ಮಳೆಯಲ್ಲಿ ನೆನೆಯುತ್ತದೆ, ಕೊಟ್ಟಿಗೆಯಲ್ಲಿ ಬೀಳುತ್ತದೆ, ಬಿಸಿಲಲ್ಲಿ ಬಿದ್ದಿರುತ್ತದೆ. ಬರೀ ಅಂಟನ್ನು ನಂಬುವುದು ನನಗೆ ಸರಿ ಕಾಣುವುದಿಲ್ಲ. ಗಟ್ಟಿ ಹಿತ್ತಾಳೆ ಸರಳು ಹಾಕಿ, ಎರಡೂ ಬದಿ ಒಂದೊಂದು ಮಿ.ಮೀ. ಬಿಟ್ಟು, ಬಾಲ್‌ಪೀನ್ ಸುತ್ತಿಗೆಯಲ್ಲಿ ಸುತ್ತಲೂ ತಟ್ಟಿ ತಲೆ ಮಾಡಿದರೆ ಅಂಟು ಬಿಟ್ಟರೂ ಹಿಡಿ ಬಿಡುವುದಿಲ್ಲ. ನಮ್ಮ ಕಡೆಯ ಕತ್ತಿಗಳೆಲ್ಲ ಹಾಗೇ ಬಾಳಿದ್ದು.

ಇಷ್ಟು ಹೇಳಿ ಒಂದು ಉಪಾಯವೂ ಹೇಳುತ್ತೇನೆ. ನಿಮಗೆ 5 ಮಿ.ಮೀ. ತೂತು ಆಗಲೇ ಎರಡಿದೆ ಅಲ್ವಾ? ಅವನ್ನು ದೊಡ್ಡದು ಮಾಡಲು ಹೋಗಲೇಬೇಡಿ. ಅಂಚು ಸರಿ ಮಾಡಿಕೊಂಡು ಅಲ್ಲಿ 5 ಮಿ.ಮೀ. ಹಿತ್ತಾಳೆ ಸರಳು ಹಾಕಿ ಬಡಿಯಿರಿ. ಎರಡರ ನಡುವೆ ಹೊಸದಾಗಿ ಒಂದು ತೂತು ಕೊರೆದು ಅಲ್ಲಿ ಮಾತ್ರ ನಿಮ್ಮ ಹೂವಿನ ಪಿನ್ ಕೂರಿಸಿ. ಬಲ ಎರಡು ತುದಿಯಲ್ಲಿ, ಅಂದ ನಡುವೆ. ಬೀಟೆ ಗಟ್ಟಿ ಮರ, ಆದರೆ ಬಡಿಯುವಾಗ ಸೀಳಬಹುದು, ಹಾಗಾಗಿ ಮರದ ತೂತಿನ ಹೊರಬಾಯಿಯನ್ನು ದೊಡ್ಡ ಬಿಟ್ಟಿನಿಂದ ಕೈಯಲ್ಲೇ ತಿರುಗಿಸಿ ಸ್ವಲ್ಪ ಅಗಲ ಮಾಡಿಕೊಳ್ಳಿ. ಹಿತ್ತಾಳೆ ಹರಡಿ ಆ ಬಾಯಿಯಲ್ಲಿ ತುಂಬಿಕೊಳ್ಳುತ್ತದೆ.

ಲೇತ್_ಮೇಷ್ಟ್ರು:

@ಗದ್ದೆ_ಬದು, ಈ ಉಪಾಯ ನನಗೂ ಹಿಡಿಸಿತು. ಪಂಚ್ ಹೊಡೆದ ಸೊಟ್ಟ ತೂತಿಗೆ ಮೆತ್ತಗಿನ ಗಟ್ಟಿ ಸರಳೇ ಸರಿ, ಬಡಿದಾಗ ಅದು ಸಂದಿ ತುಂಬಿಕೊಳ್ಳುತ್ತದೆ. ಆದರೆ ಅಂಟು ಬೇಡ ಅಂತ ಯಾರೂ ತಿಳಿಯಬೇಡಿ. ಅಂಟು ಹಿಡಿತಕ್ಕೆ ಮಾತ್ರವಲ್ಲ, ನೀರು ಒಳಗೆ ಹೋಗದಂತೆ ತಡೆಯುವುದೂ ಅದೇ. ಮಲೆನಾಡಿನ ಮಳೆಯಲ್ಲಿ ಮರ ಮತ್ತು ಉಕ್ಕಿನ ನಡುವೆ ನೀರು ಹೊಕ್ಕಿತೆಂದರೆ ಹೊರಗೆ ಹಿಡಿ ಫಳಫಳ ಹೊಳೆಯುತ್ತಿದ್ದರೂ ಒಳಗೆ ಬಾಲ ತುಕ್ಕು ತಿಂದು ಹೋಗಿರುತ್ತದೆ.

ಅಂಟಿಗೆ ಅರಾಲ್ಡೈಟ್ ಸ್ಟ್ಯಾಂಡರ್ಡ್ ಎಪಾಕ್ಸಿ ತಗೊಳ್ಳಿ, ನಿಧಾನವಾಗಿ ಗಟ್ಟಿಯಾಗುವಂಥದ್ದು. ಐದು ನಿಮಿಷದ್ದು ಬೇಡವೇ ಬೇಡ. ಮೂರು ಪಿನ್ ಎರಡು ಪಟ್ಟಿ ಜೋಡಿಸುವಷ್ಟರಲ್ಲಿ ಅದು ಕೈಯಲ್ಲೇ ಎಳೆ ಬಿಡಲು ಶುರು ಮಾಡುತ್ತದೆ, ನೀರಿಗೂ ಅಷ್ಟು ತಡೆಯುವುದಿಲ್ಲ. ಎರಡು ಟ್ಯೂಬೂ ಸಮಸಮ ಹಿಂಡಿ ಚೆನ್ನಾಗಿ ಕಲಸಿ. ಉಕ್ಕು, ಮರ, ಪಿನ್ ಎಲ್ಲವನ್ನೂ 80 ಅಥವಾ 120ರ ಎಮರಿಯಲ್ಲಿ ಒರಟು ಮಾಡಿ, ಥಿನ್ನರ್‌ನಲ್ಲಿ ಒರೆಸಿ, ಆಮೇಲೆ ಬೆರಳು ತಾಗಿಸಬೇಡಿ. ಗಟ್ಟಿ ಸರಳಿಗೆ ಹ್ಯಾಕ್‌ಸಾದಲ್ಲಿ ಸಣ್ಣ ಗೀರು ಹಾಕಿದರೆ ಅಂಟು ಇನ್ನೂ ಚೆನ್ನಾಗಿ ಕಚ್ಚುತ್ತದೆ, ಮೊಸಾಯಿಕ್ಕಿಗೆ ಗೀರು ಹಾಕಬೇಡಿ, ಕೊಳವೆ ತೆಳು. ಕ್ಲ್ಯಾಂಪ್ ಜೀವ ಹೋಗುವಷ್ಟು ಬಿಗಿಯಬೇಡಿ. ಅಂಟೆಲ್ಲ ಹೊರಗೆ ಹಿಂಡಿ ಹೋದರೆ ಒಳಗೆ ಉಳಿಯುವುದೇನು? ಸುತ್ತ ಒಂದೇ ಸಮ ಅಂಟು ಇಣುಕಿದರೆ ಸಾಕು. ಅಂಟು ಹಸಿಯಿದ್ದಾಗಲೇ, ಕ್ಲ್ಯಾಂಪ್ ಹಾಕಿಕೊಂಡೇ, ತುದಿಯ ಎರಡು ಸರಳನ್ನು ಮೆಲ್ಲಗೆ ತಟ್ಟಿ ಮುಗಿಸಿ, ಆಮೇಲೆ ಇಡೀ ದಿನ ಮುಟ್ಟಬೇಡಿ.

ಇನ್ನೊಂದು. ಪಟ್ಟಿಯ ಮುಂದಿನ ತುದಿ, ಅಂದರೆ ಅಲಗಿನ ಕಡೆಯ ಅಂಚು, ಅದನ್ನು ಅಂಟಿಸುವ ಮೊದಲೇ ಪೂರ್ತಿ ನುಣುಪು ಮಾಡಿ ಪಾಲಿಶ್ ಮಾಡಿಬಿಡಿ. ಅಂಟಿಸಿದ ಮೇಲೆ ಅಲ್ಲಿ ಅರ ಆಡಿಸಿದರೆ ಅಲಗಿಗೆ ಗೀರು ಬೀಳುತ್ತದೆ. ಅಲ್ಲಿ ಒಸರಿದ ಅಂಟನ್ನು ಹಸಿಯಿದ್ದಾಗಲೇ ಇಯರ್‌ಬಡ್ಡನ್ನು ಸ್ಪಿರಿಟ್‌ನಲ್ಲಿ ಅದ್ದಿ ತೆಗೆಯಿರಿ. ಅಲಗಿಗೆ ಮೊದಲೇ ವ್ಯಾಸಲೀನ್ ಹಚ್ಚಿಟ್ಟರೆ ಬೇಗ ಬಿಡುತ್ತದೆ, ಆದರೆ ಅದು ಬಾಲದ ಕಡೆ ಹರಡಿದರೆ ಅಂಟು ಹಿಡಿಯುವುದಿಲ್ಲ, ಎಚ್ಚರ.

ಕುಲುಮೆ_ಪಕ್ಕದ_ಮನೆ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅರ ಉಜ್ಜಿ ನೋಡಿದೆ, ಬಾಲದ ಮೇಲೆ ಚೆನ್ನಾಗಿ ಕಚ್ಚುತ್ತದೆ, ಅಲಗಿನ ಬಾಯಿಯ ಮೇಲೆ ಜಾರುತ್ತದೆ. ಹಾಗಾದರೆ ನಡುವೆ ಒಂದು ಮೊಸಾಯಿಕ್, ತುದಿಗೆ ಎರಡು ಹಿತ್ತಾಳೆ, ಹಾಗೇ ಮಾಡುತ್ತೇನೆ. ಪಟ್ಟಿ ಒಂದೊಂದು 9 ಮಿ.ಮೀ. ಕುಯ್ಯಿಸಿದ್ದೇನೆ. ಮೊಸಾಯಿಕ್ ಪಿನ್ ಎಷ್ಟು ಉದ್ದ ಕತ್ತರಿಸಲಿ? ಹೂವಿನ ದಿಕ್ಕು ಹೇಗಿರಬೇಕು? ಮತ್ತೆ, ಹಿತ್ತಾಳೆ ಉಜ್ಜುವಾಗ ಅದರ ಪುಡಿ ಮರಕ್ಕೆ ಮೆತ್ತಿಕೊಳ್ಳುತ್ತದೆ ಅಂತ ಯಾರೋ ಹೇಳಿದರು, ಅದು ನಿಜವಾ?

ಮರದ_ಗೀಳು:

ನಿಜ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಧಾರವಾಡದವಳು, ಅಡುಗೆ ಚಾಕುಗಳಿಗೆ ಹಿಡಿ ಮಾಡಿಕೊಡುತ್ತೇನೆ, ಹೆಚ್ಚಾಗಿ ತೇಗ, ಹೊನ್ನೆ, ಹಲಸು, ಸಿಕ್ಕಾಗ ಬೀಟೆ.

ಪಿನ್ 24 ಮಿ.ಮೀ. ಕತ್ತರಿಸಿ. 9, 4, 9 ಸೇರಿ 22, ಎರಡು ಕಡೆ ಒಂದೊಂದು ಮಿ.ಮೀ. ಸಾಕು. ಜಾಸ್ತಿ ಬಿಟ್ಟರೆ ಆಮೇಲೆ ಅದನ್ನೆಲ್ಲ ಅರದಲ್ಲಿ ತಿನ್ನಬೇಕು, ತಿನ್ನುವಾಗ ಪಿನ್ ಕಾಯುತ್ತದೆ. ಕತ್ತರಿಸಲು ಇಂಚಿಗೆ 32 ಹಲ್ಲಿನ ಹ್ಯಾಕ್‌ಸಾ ಬ್ಲೇಡ್, ಒರಟು ಬ್ಲೇಡ್ ಕೊಳವೆಯ ಅಂಚನ್ನು ಎಳೆದು ಹರಿಯುತ್ತದೆ. ಕತ್ತರಿಸಿದ ತುದಿಯ ಅಂಚನ್ನು ಸಣ್ಣಗೆ ಓರೆ ಮಾಡಿ, ಒಳಗೆ ಇಳಿಸುವಾಗ ಮರ ಕೆರೆಯುವುದಿಲ್ಲ.

ದಿಕ್ಕಿನ ಬಗ್ಗೆ: ನಿಮ್ಮ ಪಿನ್ನಿನಲ್ಲಿ ನಡುವೆ ಒಂದು, ಸುತ್ತ ಆರು ಕಡ್ಡಿ ಇದ್ದರೆ ಎದುರುಬದುರಿನ ಎರಡು ಕಡ್ಡಿ ಹಿಡಿಯ ಉದ್ದಕ್ಕೆ ಸರಿಯಾಗಿ ಬರುವ ಹಾಗೆ ಕೂರಿಸಿ. ಹೇಗೋ ಕೂರಿಸಿದರೆ ನೋಡಿದವರಿಗೆ ಏನು ಸರಿಯಿಲ್ಲ ಅಂತ ಗೊತ್ತಾಗುವುದಿಲ್ಲ, ಆದರೆ ಕಣ್ಣು ಅಲ್ಲೇ ಎಡವುತ್ತದೆ. ಅಂಟು ಹಾಕುವ ಮೊದಲೇ ಇಟ್ಟು ನೋಡಿ, ಪಿನ್ನಿನ ಅಂಚಿಗೂ ಮರಕ್ಕೂ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದಿಟ್ಟುಕೊಳ್ಳಿ. ಅಂಟು ಹಾಕಿದ ಮೇಲೆ ಕೈಯೆಲ್ಲ ಮೆತ್ತಿಕೊಂಡಿರುತ್ತದೆ, ಆಗ ಹೂವು ಕಾಣುವುದೂ ಇಲ್ಲ. ಗೆರೆಗೆ ಗೆರೆ ಕೂಡಿಸಿದರೆ ಮುಗಿಯಿತು.

ಇನ್ನು ಉಜ್ಜುವುದು. ಇಲ್ಲಿ ಕೆಡುವಷ್ಟು ಕೆಲಸ ಬೇರೆಲ್ಲೂ ಕೆಡುವುದಿಲ್ಲ. ಹಿತ್ತಾಳೆ ಬೇಗ ಕಾಯುತ್ತದೆ, ಕಾದ ಪಿನ್ ಸುತ್ತಲಿನ ಮರವನ್ನು ಸುಟ್ಟು ಕಪ್ಪು ಉಂಗುರ ಮಾಡುತ್ತದೆ, ಅದು ಆಳಕ್ಕೆ ಇಳಿದಿರುತ್ತದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಜೊತೆಗೆ ಬಿಸಿಗೆ ಎಪಾಕ್ಸಿಯೂ ಸಡಿಲವಾಗುತ್ತದೆ. ಬೆಲ್ಟ್ ಗ್ರೈಂಡರ್ ಇಲ್ಲ ಅಂದಿರಿ, ನಿಜ ಹೇಳಬೇಕೆಂದರೆ ಇದಕ್ಕೆ ಕೈಯೇ ಒಳ್ಳೆಯದು. ಚಪ್ಪಟೆ ಅರದಲ್ಲಿ ಪಿನ್ನನ್ನು ಮರದ ಮಟ್ಟಕ್ಕೆ ತನ್ನಿ, ನಡುನಡುವೆ ಬೆರಳಿಟ್ಟು ನೋಡಿ, ಬೆಚ್ಚಗಾದರೆ ನಿಲ್ಲಿಸಿ. ಆಮೇಲೆ ಉಪ್ಪುಕಾಗದ 120, 220, 400, 600. ಕಾಗದವನ್ನು ಬರಿಗೈಯಲ್ಲಿ ಹಿಡಿದು ಉಜ್ಜಲೇಬಾರದು. ಮರ ಮೆತ್ತಗೆ, ಲೋಹ ಗಟ್ಟಿ, ಬೆರಳಿನ ಒತ್ತಡಕ್ಕೆ ಮರ ಮಾತ್ರ ಸವೆದು ಪಿನ್ ಗುಬುಟಿನ ಹಾಗೆ ಮೇಲೆ ನಿಲ್ಲುತ್ತದೆ. ಒಂದು ಗಟ್ಟಿ ಮರದ ತುಂಡಿಗೆ ಸುತ್ತಿ ಉಜ್ಜಿ, ಬಾಗಿದ ಕಡೆ ದಪ್ಪ ಚರ್ಮದ ತುಂಡು ಇಟ್ಟುಕೊಳ್ಳಿ.

ಪುಡಿಯ ವಿಷಯ: ಹಿತ್ತಾಳೆ, ತಾಮ್ರದ ಪುಡಿ ಮರದ ಸಣ್ಣ ರಂಧ್ರಗಳಲ್ಲಿ ಕೂರುತ್ತದೆ. ಹಲಸಿನ ಹಳದಿ ಮರದಲ್ಲಿ ಹಸಿರು-ಬೂದು ಕಲೆಯಾಗಿ ತುಂಬಾ ಅಸಹ್ಯ ಕಾಣುತ್ತದೆ. ಬೀಟೆ ಕಪ್ಪು ಮರ, ಅಷ್ಟು ಕಾಣುವುದಿಲ್ಲ, ಆದರೂ ಬಿಸಿಲಿಗೆ ಹಿಡಿದರೆ ಮಿನುಗು ಗೊತ್ತಾಗುತ್ತದೆ. ಅದಕ್ಕೆ 220 ಆದ ಮೇಲೆ ಪಿನ್ ಸುತ್ತ ಒಂದು ಕೋಟು ತೆಳು ಶೆಲಾಕ್ (ಅರಗಿನ ವಾರ್ನಿಷ್) ಹಚ್ಚಿ ಒಣಗಿಸಿ, ರಂಧ್ರ ಮುಚ್ಚುತ್ತದೆ, ಆಮೇಲೆ ಮುಂದಿನ ಕಾಗದ. ಪ್ರತಿ ಸಲ ಹಳೆ ಟೂತ್‌ಬ್ರಶ್‌ನಲ್ಲಿ ಪುಡಿ ಹೊಡೆದುಹಾಕಿ. ಲೋಹ ಉಜ್ಜಿದ ಕಾಗದದಲ್ಲೇ ಮತ್ತೆ ಮರ ಉಜ್ಜಬೇಡಿ. ಹಿತ್ತಾಳೆ ಹೊಳೆಯಲಿ ಅಂತ ಬ್ರಾಸೋ, ಹುಣಸೆಹಣ್ಣು ಏನೂ ಹಚ್ಚಬೇಡಿ, ಮರ ಕಲೆ ಬೀಳುತ್ತದೆ. 600 ದಾಟಿದರೆ ಅದು ತಾನೇ ಹೊಳೆಯುತ್ತದೆ.

ಬೀಟೆ ಎಣ್ಣೆ ಅಂಶದ ಮರ. ಅಂಟು ಹಾಕುವ ಮುಂಚೆ ಅಸಿಟೋನ್‌ನಲ್ಲಿ ಬಟ್ಟೆಗೆ ಬಣ್ಣ ಬರುವುದು ಕಡಿಮೆಯಾಗುವ ತನಕ ಒರೆಸಿ, ಆರಿದ ತಕ್ಷಣ ಅಂಟು ಹಚ್ಚಿ. ಕೊನೆಗೆ ಅಗಸೆ ಎಣ್ಣೆ ತೆಳುವಾಗಿ ಹಲವು ಸಲ, ಮೇಲೆ ಜೇನುಮೇಣ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅಗಸೆ ಎಣ್ಣೆ ಒಣಗುವಾಗ ಬಿಸಿ ಏಳುತ್ತದೆ, ತಾನಾಗಿ ಬೆಂಕಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಒಣಹಾಕಿ ಅಥವಾ ನೀರಲ್ಲಿ ಅದ್ದಿಡಿ. ಬೀಟೆ ಧೂಳು ಕೆಲವರಿಗೆ ಚರ್ಮಕ್ಕೂ ಉಸಿರಿಗೂ ಆಗುವುದಿಲ್ಲ, ಮಾಸ್ಕ್ ಹಾಕಿಯೇ ಉಜ್ಜಿ. ಹಿತ್ತಾಳೆ ಪುಡಿಯೂ ಒಳಗೆ ಹೋಗುವಂಥದ್ದಲ್ಲ.

ಕುಲುಮೆ_ಪಕ್ಕದ_ಮನೆ:

ಅಕ್ಕ, ಗೆರೆ ಎಳೆದಿಟ್ಟುಕೊಳ್ಳುವುದು ನನಗೆ ಹೊಳೆಯುತ್ತಲೇ ಇರಲಿಲ್ಲ. ಪೂರ್ತಿ ಬರೆದಿಟ್ಟುಕೊಂಡೆ.

ಎಸ್ಪಿ_ರೋಡ್_ಸುತ್ತಾಟ:

ಚರ್ಚೆ ಚೆನ್ನಾಗಿದೆ. ಪಿನ್ ಕೊಳ್ಳುವ ಬದಲು ಮನೆಯಲ್ಲೇ ಮಾಡಿಕೊಳ್ಳಬಹುದು, ಅದನ್ನೂ ಇಲ್ಲಿ ಹಾಕುತ್ತೇನೆ, ಯಾರಿಗಾದರೂ ಬೇಕಾಗುತ್ತದೆ. ಕೊಂಡ ಪಿನ್ನಿಗಿಂತ ನಾವೇ ಜೋಡಿಸಿದ ಪಿನ್ ಹಿಡಿಯಲ್ಲಿ ಕೂತಾಗ ಆಗುವ ಖುಷಿಯೇ ಬೇರೆ.

ಬೇಕಾದದ್ದು ಹೊರಗೆ 6 ಮಿ.ಮೀ., ಒಳಗೆ 5 ಮಿ.ಮೀ. ಇರುವ ಹಿತ್ತಾಳೆ ಕೊಳವೆ. ಬೆಂಗಳೂರಲ್ಲಾದರೆ ಎಸ್‌ಪಿ ರೋಡ್ ಕಡೆ ಲೋಹದ ಅಂಗಡಿಗಳಲ್ಲಿ ಕೇಳಿ, ಆಟದ ವಿಮಾನದ ಸಾಮಾನು ಮಾರುವ ಹಾಬಿ ಅಂಗಡಿಗಳಲ್ಲೂ ಸಿಗುತ್ತದೆ. ಹಳೆ ರೇಡಿಯೋದ ಎಳೆಯುವ ಆಂಟೆನಾ ಇದ್ದರೆ ಬಿಸಾಡಬೇಡಿ, ಹೆಚ್ಚಿನವು ಮೇಲೆ ಕ್ರೋಮ್ ಹಾಕಿದ ಹಿತ್ತಾಳೆ ಕೊಳವೆಗಳೇ, ಒಂದರೊಳಗೊಂದು ಸರಿಯಾಗಿ ಕೂರುತ್ತವೆ. ಒಳಗೆ ತುಂಬಲು ವೆಲ್ಡಿಂಗ್ ಅಂಗಡಿಯ 1.6 ಮಿ.ಮೀ. ಫಿಲ್ಲರ್ ಕಡ್ಡಿ: ಹಿತ್ತಾಳೆಯದ್ದು, ಸ್ಟೇನ್‌ಲೆಸ್‌ದು ಎರಡೂ ಸಿಗುತ್ತವೆ.

ಅಳತೆ ಬಹಳ ಸುಲಭ. ಒಂದೇ ದಪ್ಪದ ಏಳು ಕಡ್ಡಿ, ನಡುವೆ ಒಂದು ಸುತ್ತ ಆರು, ಇವು ಸೇರಿ ಅಡ್ಡಕ್ಕೆ ಮೂರು ಕಡ್ಡಿಯ ದಪ್ಪ ಬರುತ್ತದೆ. ಅಂದರೆ 1.6ರ ಮೂರು ಪಟ್ಟು, 4.8. 5 ಮಿ.ಮೀ. ಕೊಳವೆಯೊಳಗೆ ಸಲೀಸಾಗಿ ಹೋಗುತ್ತದೆ, ಎಪಾಕ್ಸಿಗೂ ಜಾಗ ಉಳಿಯುತ್ತದೆ. ನಡುವಿನದು ತಾಮ್ರ, ಸುತ್ತ ಸ್ಟೇನ್‌ಲೆಸ್ ಇಟ್ಟರೆ ಕಪ್ಪು ಎಪಾಕ್ಸಿಯ ಮೇಲೆ ತುಂಬಾ ಚೆನ್ನಾಗಿ ಎದ್ದು ಕಾಣುತ್ತದೆ. ತಾಮ್ರಕ್ಕೆ ಮನೆ ವೈರಿಂಗ್‌ನ ಒಂಟಿ ಎಳೆಯ 1.5 ಚದರ ಮಿ.ಮೀ. ತಂತಿ ಆಗುತ್ತದೆ, ಅದು ಸುಮಾರು 1.4 ಮಿ.ಮೀ. ದಪ್ಪ, ನಡುವೆ ಸ್ವಲ್ಪ ಸಡಿಲ ನಿಲ್ಲುತ್ತದೆ ಅಷ್ಟೇ. 2.5ರ ತಂತಿ ಬೇಡ, ಅದು 1.8ರಷ್ಟು ಬರುತ್ತದೆ, ತುರುಕಬೇಕಾಗುತ್ತದೆ. ತಂತಿ ನೇರ ಮಾಡಲು ಒಂದು ತುದಿ ವೈಸ್‌ಗೆ ಕೊಟ್ಟು ಇನ್ನೊಂದನ್ನು ಇಕ್ಕಳದಲ್ಲಿ ಜಗ್ಗಿ ಎಳೆಯಿರಿ.

100 ಮಿ.ಮೀ. ಉದ್ದಕ್ಕೆ ಎಲ್ಲ ಕತ್ತರಿಸಿ, ಒರಟು ಮಾಡಿ, ಥಿನ್ನರ್‌ನಲ್ಲಿ ತೊಳೆದು ಒಣಗಿಸಿ. ನಿಧಾನದ ಎಪಾಕ್ಸಿಗೆ ಒಣ ಕಪ್ಪು ಬಣ್ಣದ ಪುಡಿ ಕಲಸಿ. ಎಣ್ಣೆ ಇರುವ ಕಾಡಿಗೆ ಹಾಕಬೇಡಿ, ಎಪಾಕ್ಸಿ ಗಟ್ಟಿಯೇ ಆಗುವುದಿಲ್ಲ. ಕಲಸಿದ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿ ಒಂದು ನಿಮಿಷ ಇಟ್ಟರೆ ತೆಳುವಾಗುತ್ತದೆ. ಕಡ್ಡಿ ತುಂಬಿದ ಕೊಳವೆಯ ಒಂದು ತುದಿಯನ್ನು ಎಪಾಕ್ಸಿಯಲ್ಲಿ ಅದ್ದಿ, ಇನ್ನೊಂದು ತುದಿಗೆ ರಬ್ಬರ್ ಟ್ಯೂಬ್ ಸಿಕ್ಕಿಸಿ ಸಿರಿಂಜ್‌ನಿಂದ ನಿಧಾನವಾಗಿ ಎಳೆಯಿರಿ, ಮೇಲಿನಿಂದ ಎಪಾಕ್ಸಿ ಬರುವ ತನಕ. ಹೀಗೆ ಎಳೆದರೆ ಗಾಳಿ ಗುಳ್ಳೆ ಉಳಿಯುವುದು ಕಡಿಮೆ. ಮೇಲಿನಿಂದ ಸುರಿದು ತುಂಬಲು ಹೋದರೆ ನಡುವೆ ಗುಳ್ಳೆ ಸಿಕ್ಕಿ, ನಿಮಗೆ ಬೇಕಾದ ಕಡೆಯೇ ಕತ್ತರಿಸಿದಾಗ ತೂತು ಕಾಣುತ್ತದೆ. ಎರಡು ತುದಿಗೂ ಜೇಡಿಮಣ್ಣು ಮೆತ್ತಿ ಮಲಗಿಸಿಡಿ. ಮಾರನೇ ದಿನ ಗಟ್ಟಿ ಅನ್ನಿಸಿದರೂ ಒಂದು ವಾರ ಬಿಟ್ಟು ಕತ್ತರಿಸಿ, ಆಗ ಎಪಾಕ್ಸಿ ಪೂರ್ತಿ ಬಲಿತಿರುತ್ತದೆ.

ಕೊಡಗಿನ_ಮೂಲೆ:

ಇದೇ ವಿಷಯ ಅಂತ ಇಲ್ಲೇ ಕೇಳುತ್ತಿದ್ದೇನೆ. ನಮ್ಮ ಮನೆಯಲ್ಲಿ ತಲೆಮಾರಿನಿಂದ ಬಂದ ಪೀಚೆಕತ್ತಿ, ಅಂದರೆ ಕೊಡವರ ಸಣ್ಣ ಕತ್ತಿ, ಇದೆ. ಮದುವೆಗೆ, ಹಬ್ಬಕ್ಕೆ ಕುಪ್ಯ (ಉದ್ದ ಕೋಟು) ಹಾಕಿದಾಗ ಚೇಲೆಗೆ (ಸೊಂಟಪಟ್ಟಿಗೆ) ಸಿಕ್ಕಿಸುವುದು ಅದನ್ನೇ. ಹಿಡಿ ಈಗ ಸಡಿಲವಾಗಿ ಅಲ್ಲಾಡುತ್ತಿದೆ. ಅಡ್ಡಕ್ಕೆ ಒಂದು ತೂತು ಕೊರೆದು ಬೆಳ್ಳಿ ಬಣ್ಣದ ಮೊಸಾಯಿಕ್ ಪಿನ್ ಹಾಕಿದರೆ ಗಟ್ಟಿಯೂ ಆಗುತ್ತದೆ, ಬೆಳ್ಳಿ ಕೆಲಸಕ್ಕೆ ಹೊಂದಿಯೂ ಬರುತ್ತದೆ ಅಂತ ತಮ್ಮ ಹೇಳುತ್ತಿದ್ದಾನೆ. ಮಾಡಬಹುದಾ?

ಲೇತ್_ಮೇಷ್ಟ್ರು:

ದಯವಿಟ್ಟು ಕೊರೆಯಬೇಡಿ. ಹಳೆ ಹಿಡಿಗಳಲ್ಲಿ ಬಾಲ ಸಣ್ಣದಾಗಿ ಮೊನಚಾಗಿ ಹಿಡಿಯೊಳಗೆ ಹೋಗಿರುತ್ತದೆ, ಅರಗು ತುಂಬಿ ಕೂರಿಸಿರುತ್ತಾರೆ. ಬಾಲ ಎಲ್ಲಿದೆ, ಎಷ್ಟು ಅಗಲ ಇದೆ ಅಂತ ಹೊರಗಿನಿಂದ ಕಾಣುವುದಿಲ್ಲ. ಬಿಟ್ ಅದರ ಪಕ್ಕಕ್ಕೆ ಬಡಿದು ಜಾರಿದರೆ ಹಿಡಿ ಸೀಳುತ್ತದೆ, ಸರಿಯಾಗಿ ಬಡಿದರೆ ಇರುವ ಸಣ್ಣ ಬಾಲವೇ ಅರ್ಧ ಕತ್ತರಿಸಿ ಹೋಗುತ್ತದೆ. ಎರಡರಲ್ಲೂ ನಷ್ಟವೇ. ಅಲ್ಲಾಡುತ್ತಿದೆ ಅಂದರೆ ಹೆಚ್ಚಾಗಿ ಒಳಗಿನ ಅರಗು ಒಣಗಿ ಬಿರುಕು ಬಿಟ್ಟಿರಬೇಕು. ಬೆಳ್ಳಿ ಕೆಲಸ ಗೊತ್ತಿರುವ, ಪೀಚೆಕತ್ತಿ ರಿಪೇರಿ ಮಾಡಿ ರೂಢಿ ಇರುವ ಅಕ್ಕಸಾಲಿಗರಿಗೆ ತೋರಿಸಿ. ಅವರು ಹದವಾಗಿ ಕಾಯಿಸಿ, ಅರಗು ಕರಗಿಸಿ, ಹೊಸ ಅರಗು ತುಂಬಿ ಕೂರಿಸುತ್ತಾರೆ. ಮುಂದೆ ಯಾವತ್ತಾದರೂ ಮತ್ತೆ ಬಿಚ್ಚಬೇಕಾದರೂ ಬಿಚ್ಚಲು ಬರುತ್ತದೆ. ಎಪಾಕ್ಸಿಯನ್ನೂ ಹಾಕಬೇಡಿ.

ಮರದ_ಗೀಳು:

ಹೌದು, ಹಳೆಯದನ್ನು ಹಾಗೇ ಉಳಿಸಿ. ಹಿಡಿ ದಂತದ್ದೋ ಜಿಂಕೆ ಕೊಂಬಿನದೋ ಆಗಿದ್ದರೆ ಇನ್ನೂ ಎಚ್ಚರ ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅವುಗಳ ವ್ಯಾಪಾರಕ್ಕೆ ನಿಷೇಧ ಇದೆ, ರಿಪೇರಿಗೆ ಕೊಡುವ ಮೊದಲು ಕಾಗದ ಪತ್ರ ಏನಿದೆ ನೋಡಿಕೊಳ್ಳಿ. ಹೊಸ ಹಿಡಿಗೆ ಕೊಂಬೇ ಬೇಕು ಅನ್ನುವವರು ಎಮ್ಮೆ ಕೊಂಬು ಬಳಸಿ.

ಬರೀ ಅಂದಕ್ಕೆ ಪಿನ್ ಬೇಕು ಅನ್ನುವವರಿಗೆ ಇನ್ನೊಂದು ದಾರಿ ಇದೆ, ಆರಪಾರ ತೂತೇ ಬೇಡ. ಫ್ರಾನ್ಸಿನ ಲಾಯೋಲ್ ಚಾಕುಗಳ ಹಿಡಿಯಲ್ಲಿ ಸಣ್ಣ ಸಣ್ಣ ಲೋಹದ ಚುಕ್ಕಿಗಳಿಂದ ಶಿಲುಬೆ ಆಕಾರ ಮಾಡಿರುತ್ತಾರೆ, ಕುರುಬರ ಶಿಲುಬೆ ಅಂತ ಕರೆಯುತ್ತಾರೆ. ಚರ್ಚು ದೂರ ಇದ್ದ ಕುರಿಗಾಹಿಗಳು ಚಾಕುವನ್ನು ನೆಲಕ್ಕೆ ಚುಚ್ಚಿ ಅದರ ಮುಂದೆ ಪ್ರಾರ್ಥನೆ ಮಾಡುತ್ತಿದ್ದರಂತೆ. ಆ ಚುಕ್ಕಿಗಳು ಬಲಕ್ಕೆ ಹಾಕಿದ್ದಲ್ಲ, ಅಂದಕ್ಕೆ ಮರದೊಳಗೆ ಸ್ವಲ್ಪವೇ ಇಳಿಸಿದ್ದು. ಅದೇ ಥರ 1.5 ಮಿ.ಮೀ. ಹಿತ್ತಾಳೆ ತಂತಿಯಲ್ಲಿ ನಮ್ಮ ರಂಗೋಲಿ ಚುಕ್ಕಿ ಸಾಲನ್ನೇ ಇಳಿಸಬಹುದು. 4 ಮಿ.ಮೀ. ಆಳದ ತೂತು, ಬಿಟ್ಟಿಗೆ ಅಳತೆಗೆ ಟೇಪ್ ಸುತ್ತಿಟ್ಟುಕೊಳ್ಳಿ. ತೂತಿನ ತಳದಲ್ಲಿ ಗಾಳಿ ಸಿಕ್ಕಿಕೊಂಡರೆ ತಂತಿಯನ್ನು ಮೇಲಕ್ಕೆ ತಳ್ಳುತ್ತದೆ, ಅದಕ್ಕೆ ತಂತಿಯ ಒಂದು ಬದಿ ಅರದಲ್ಲಿ ಒಂದೆಳೆ ಚಪ್ಪಟೆ ಮಾಡಿ ಅಂಟಿನ ಜೊತೆ ಇಳಿಸಿ.

ಕುಲುಮೆ_ಪಕ್ಕದ_ಮನೆ:

ಕೊನೆಯದಾಗಿ ಒಂದು. ನಡುವಿನ ತೂತು ಕೊರೆದು, ಅಂಟಿಲ್ಲದೆ ಮೂರೂ ಜೋಡಿಸಿ ನೋಡುತ್ತಿದ್ದೇನೆ. ತುದಿಯ ಸರಳು ಎರಡೂ ಇಳಿಯುತ್ತವೆ. ಮೊಸಾಯಿಕ್ ಪಿನ್ ಎಡ ಪಟ್ಟಿಯಲ್ಲಿ ಸಲೀಸು, ಬಲ ಪಟ್ಟಿಗೆ ಬಿಡಿಯಾಗಿ ಹಾಕಿದರೂ ಸಲೀಸು, ಮೂರೂ ಸೇರಿಸಿದರೆ ಬಲ ಪಟ್ಟಿಯ ಬಾಯಲ್ಲಿ ತಡೆಯುತ್ತದೆ. ಸ್ಟ್ಯಾಂಡ್ ಸ್ವಲ್ಪ ಓಲುತ್ತದೆ ಅನ್ನಿಸುತ್ತದೆ. ಬಲ ಪಟ್ಟಿಯ ತೂತನ್ನು ದೊಡ್ಡದು ಮಾಡಲಾ?

ಲೇತ್_ಮೇಷ್ಟ್ರು:

ಮರದ ತೂತು ಮುಟ್ಟಬೇಡಿ. ಮರದಲ್ಲಿ ಹಿಗ್ಗಿಸಿದ್ದು ಪಿನ್ ಸುತ್ತ ಅಂಟಿನ ಉಂಗುರವಾಗಿ ಎಲ್ಲರಿಗೂ ಕಾಣುತ್ತದೆ. ಉಕ್ಕಿನ ತೂತು ಯಾರಿಗೂ ಕಾಣುವುದಿಲ್ಲ. ಅದನ್ನೇ 7ಕ್ಕೆ ಮಾಡಿ, ಇಲ್ಲವೇ ಗುಂಡು ಅರದಲ್ಲಿ ತಡೆಯುವ ಕಡೆಗೆ ಸ್ವಲ್ಪ ತಿನ್ನಿ. ನಿಮ್ಮದು ತುದಿಯಲ್ಲಿ ಎರಡು ಗಟ್ಟಿ ಸರಳು ಇರುವುದರಿಂದ ನಡುವಿನ ತೂತು ಸಡಿಲವಾದರೂ ಹಿಡಿಗೆ ಏನೂ ಆಗುವುದಿಲ್ಲ, ಆ ಜಾಗವನ್ನೆಲ್ಲ ಎಪಾಕ್ಸಿ ತುಂಬುತ್ತದೆ.

ಅಷ್ಟಾದರೂ ತಡೆದರೆ ಬಿಟ್ ಓರೆಯಾಗಿ ಇಳಿದಿದೆ ಅಂತ ಅರ್ಥ. ಆಗ ಸ್ಟ್ಯಾಂಡ್ ಮೊದಲು ಸರಿ ಮಾಡಿ. ಚಕ್ಕಿಗೆ ಒಂದು ಉದ್ದದ ನೇರ ಸರಳು ಹಾಕಿ, ಕೆಳಗಿನ ಹಲಗೆಯ ಮೇಲೆ ಮೂಲೆಮಟ್ಟ ನಿಲ್ಲಿಸಿ, ಮುಂದಿನಿಂದ ಒಮ್ಮೆ ಪಕ್ಕದಿಂದ ಒಮ್ಮೆ ನೋಡಿ. ಸಂದಿ ಮೇಲೆ ಕೆಳಗೆ ಒಂದೇ ಸಮ ಇರಬೇಕು. ಇಲ್ಲದಿದ್ದರೆ ಹಲಗೆಯ ಕೆಳಗೆ ಕಾಗದದ ಮಡಿಕೆ ಕೊಟ್ಟು ಮಟ್ಟ ಮಾಡಿಕೊಳ್ಳಿ, ಆಮೇಲೆ ಅದೇ 6ರ ಬಿಟ್ಟನ್ನು ಮೂರೂ ಜೋಡಿಸಿದ ಸ್ಥಿತಿಯಲ್ಲಿ ಒಂದೇ ಒಂದು ಸಲ ಆರಪಾರ ಇಳಿಸಿ ತೆಗೆಯಿರಿ. ತುದಿಯ ಎರಡು ಸರಳು ಜಾಗದಲ್ಲಿರಲಿ, ಕ್ಲ್ಯಾಂಪ್ ಇರಲಿ, ಕೆಳಗೆ ಬೇಡದ ಹಲಗೆ ಮರೆಯಬೇಡಿ. ಪಿನ್ ಬೆರಳಲ್ಲಿ ಇಳಿದ ಮೇಲಷ್ಟೇ ಅರಾಲ್ಡೈಟ್ ಬಿಚ್ಚಿ.